ಮಳೆಗಾಲದಲ್ಲಿ ನಾಯಿಗೆ ಮನೆಯೊಳಗೇ ಆಟ

ಎಲ್ಲರಿಗೂ ನಮಸ್ಕಾರ. ಆಟಿ ತಿಂಗಳ ಮಳೆ ಬಿಡುವ ಹಾಗೆ ಕಾಣುವುದಿಲ್ಲ, ಪಣಂಬೂರು ಬೀಚಿನ ಮಾತೇ ಇಲ್ಲ, ನಾಯಿ ಚಪ್ಪಲಿ ಕಚ್ಚುತ್ತದೆ, ಸುಮ್ನೆ ಬೊಗಳುತ್ತದೆ ಅಂತ ಗುಂಪಿನಲ್ಲಿ ದೂರು ಜಾಸ್ತಿಯಾಗಿದೆ. ಬೈಯಬೇಡಿ ಮಾರಾಯ್ರೆ, ಅದಕ್ಕೆ ಬೇಜಾರು ಅಷ್ಟೆ. ಚಾವಡಿಯಲ್ಲೇ ಅಜಿಲಿಟಿ, ಅಂದರೆ ಅಡೆತಡೆ ದಾಟುವ ಆಟ, ಆಡಿಸಿ.

ಖರ್ಚೇನಿಲ್ಲ. ಎರಡು ಕುರ್ಚಿಯ ಮೇಲೆ ಹಳೆ ಬೆಡ್‌ಶೀಟ್ ಹಾಕಿದರೆ ಸುರಂಗ ರೆಡಿ. ನೀರು ತುಂಬಿದ ಬಾಟಲಿಗಳನ್ನು ಸಾಲಾಗಿ ಇಟ್ಟು, ತಿಂಡಿಯ ತುಂಡು ಮೂಗಿನ ಹತ್ತಿರ ಹಿಡಿದು, ಹಾವಿನ ಹಾಗೆ ನಡುವೆ ಸುತ್ತಿಸಿ. ಅಜಿಲಿಟಿ ಸ್ಪರ್ಧೆಯಲ್ಲಿ ಬಾಟಲಿಯ ಬದಲು ಇರುವ ಕಂಬಗಳ ನಡುವೆ 60 ಸೆಂಟಿಮೀಟರ್ ಇರುತ್ತದೆ, ನೀವು ಮೊದಲಿಗೆ ಇನ್ನೂ ಅಗಲ ಇಡಿ. ಹಾರಲಿಕ್ಕೆ ಎರಡು ದಪ್ಪ ಪುಸ್ತಕದ ಮೇಲೆ ಒಂದು ಕೋಲು ಸಾಕು. ಕಟ್ಟಬೇಡಿ, ಕಾಲು ತಾಗಿದರೆ ಅದು ಬೀಳಬೇಕು.

ಮುಖ್ಯ ವಿಷಯ ನೆಲ. ಟೈಲ್ಸ್ ಇರಲಿ, ಹಳೆ ಮನೆಯ ಕಾವಿ ನೆಲ ಇರಲಿ, ಈ ತೇವಕ್ಕೆ ಎರಡೂ ಜಾರುತ್ತವೆ. ಹಾರಿ ಇಳಿಯುವಾಗ ಕಾಲು ಅಗಲವಾಗಿ ಜಾರಿದರೆ ಮಂಡಿಗೆ, ಸೊಂಟಕ್ಕೆ ಪೆಟ್ಟು. ಗೋಣಿಚೀಲವೂ ಜಾರುತ್ತದೆ, ಯೋಗದ ಮ್ಯಾಟ್ ಅಥವಾ ರಬ್ಬರ್ ಮ್ಯಾಟ್ ಹಾಸಿ.

ಒಂದು ವರ್ಷ ತುಂಬದ ಮರಿಗಳನ್ನು ಹಾರಿಸಬೇಡಿ, ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗೆ ಇನ್ನೂ ಸ್ವಲ್ಪ ಕಾಯಬೇಕು. ಡ್ಯಾಶ್‌ಹುಂಡ್‌ಗೆ ಬೆನ್ನಿನ ತೊಂದರೆ ಜಾಸ್ತಿ, ಅದಕ್ಕೆ ಸುರಂಗ ಮಾತ್ರ. ಊಟ ಆದ ಕೂಡಲೇ ಯಾರಿಗೂ ಬೇಡ. ಹತ್ತು ನಿಮಿಷ ಆಡಿಸಿ, ನೀರು ಕೊಟ್ಟು ಬಿಡಿ.

ವಿಡಿಯೋ ಇದ್ದರೆ ಗುಂಪಿಗೆ ಹಾಕಿ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ಬೇಡ.