ಕಣ್ಣು ಹೊಡೆದರೆ ನಗೆ ಸತ್ತಿತು

ಮಾನ್ಯ ಸಂಪಾದಕರೇ,

ಕಾಶೀನಾಥರ ‘ಅನುಭವ’ದಂಥ ಚಿತ್ರಗಳ ಮಾತು ಬಂದಾಗೆಲ್ಲ ಒಂದು ಅಭಿಪ್ರಾಯ ಕೇಳಿಬರುತ್ತದೆ: ಅವುಗಳಲ್ಲಿ ಇರುವುದು ಬರೀ ಪೋಲಿ ಮಾತು, ಅದಕ್ಕೆಂಥ ನಟನೆ? ಅವು ಮಕ್ಕಳು ಮರಿಗಳ ಜೊತೆ ಕೂತು ನೋಡುವ ಚಿತ್ರಗಳಲ್ಲ ಎಂದರೆ ಒಪ್ಪೋಣ. ನಟನೆ ಬೇಡ ಎಂದರೆ ಮಾತ್ರ ಒಪ್ಪಲಾಗದು. ಅಳುವ ಪಾತ್ರ ಅರ್ಧಂಬರ್ಧ ಬಂದರೂ ಜನ ಪಾಪ ಎಂದು ಸಹಿಸಿಕೊಳ್ಳುತ್ತಾರೆ. ದ್ವಂದ್ವಾರ್ಥದ ಮಾತು ಅರ್ಧ ಸೆಕೆಂಡು ಆಚೀಚೆಯಾದರೆ ಅದು ಹಾಸ್ಯವಾಗಿ ಉಳಿಯುವುದಿಲ್ಲ, ಬೈಗುಳವಾಗುತ್ತದೆ. ನಮ್ಮೂರ ಗಣೇಶೋತ್ಸವದ ನಾಟಕಗಳಲ್ಲಿ ವರ್ಷವರ್ಷವೂ ಆಗುವುದು ಇದೇ. ಸಿನಿಮಾದಿಂದ ಮಾತನ್ನು ಎತ್ತಿ ತರುತ್ತಾರೆ, ಆ ಮಾತನ್ನು ಹೊತ್ತ ನಟನೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ.

‘ಅನುಭವ’ ಬಂದದ್ದು 1984ರಲ್ಲಿ. ನಿರ್ದೇಶಕರೂ ನಾಯಕರೂ ಕಾಶೀನಾಥರೇ. ಅದಕ್ಕೂ ಮೊದಲು, 1978ರಲ್ಲಿ, ಅವರು ‘ಅಪರಿಚಿತ’ ಎಂಬ ಸಸ್ಪೆನ್ಸ್ ಚಿತ್ರ ಮಾಡಿದ್ದರು. ಈ ಎರಡಕ್ಕೂ ನಂಟಿಲ್ಲ ಎಂದು ತೋರಬಹುದು, ಆದರೆ ಕಸುಬು ಒಂದೇ. ಪ್ರೇಕ್ಷಕನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಅಲ್ಲಿ ಎದೆ ಡವಡವ ಎನ್ನುತ್ತದೆ, ಇಲ್ಲಿ ನಗು ಬರುತ್ತದೆ. ಕಾಶೀನಾಥರದ್ದು ಸಪೂರ ಮೈ. ನಾಯಕನಿಗೆ ಬೇಕೆಂದು ಆಗಿನ ಕಾಲ ಎಣಿಸಿದ್ದ ಗತ್ತಿನ ದನಿಯೂ ಇಲ್ಲ. ಆ ಕೊರತೆಯನ್ನೇ ಅವರು ಬಂಡವಾಳ ಮಾಡಿಕೊಂಡರು. ಮುಜುಗರದ ಮಾತನ್ನೂ ಬಸ್ಸಿನ ವೇಳೆ ಕೇಳಿದಷ್ಟೇ ಸಪ್ಪೆ ದನಿಯಲ್ಲಿ ಆಡುತ್ತಾರೆ. ಎರಡನೇ ಅರ್ಥ ಅವರ ಮುಖದಲ್ಲಿಲ್ಲ. ಹುಡುಕಿಕೊಳ್ಳುವ ಕೆಲಸ ನಮ್ಮದು, ಹಾಗಾಗಿ ಪಾಪವೂ ನಮ್ಮದೇ. ಇದೇ ಕಥೆಯನ್ನು ಕಾಶೀನಾಥರೇ 1986ರಲ್ಲಿ ಹಿಂದಿಯಲ್ಲಿ ಶೇಖರ್ ಸುಮನ್, ಪದ್ಮಿನಿ ಕೊಲ್ಹಾಪುರೆ ಅವರನ್ನು ಹಾಕಿಕೊಂಡು ಮಾಡಿದರು. ಸಂಶಯವಿದ್ದವರು ಎರಡನ್ನೂ ಒಂದರ ಹಿಂದೆ ಒಂದು ನೋಡಬೇಕು. ಕಥೆ ಅದೇ, ನಿರ್ದೇಶಕರು ಅವರೇ. ಬದಲಾದದ್ದು ನಟರು, ಬದಲಾದ ರುಚಿಗೆ ಅವರೇ ಕಾರಣ.

ಮಾತಿನ ಒಳಗೆ ಏನೇನಿದೆ ಎಂದು ಬಿಡಿಸಿ ತೋರಿಸಲು ಸಿನಿಮಾದ ಸಾಲು ಬೇಡ, ಪತ್ರಿಕೆಯಲ್ಲಿ ಅಚ್ಚು ಹಾಕಬಹುದಾದ ಒಂದನ್ನು ನಾವೇ ಕಟ್ಟಿಕೊಳ್ಳೋಣ. ಗಂಡ ಮುಂಬಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದಾನೆ. ಹೆಂಡತಿ ಜಗಲಿಯಲ್ಲಿ ಕೂತಿದ್ದಾಳೆ. ಪಕ್ಕದ ಮನೆಯವ ಬಂದು, “ಅಕ್ಕಾ, ನಿಮ್ಮ ಹಿತ್ಲ ಹಲಸು ಹಣ್ಣಾಗಿ ವಾಸನೆ ಬೇಲಿ ದಾಟಿ ಬರ್ತದೆ. ಕೊಯ್ಯೋಕೆ ಜನ ಇಲ್ವಾ?” ಎನ್ನುತ್ತಾನೆ. ಅವಳು, “ಜನ ಇದ್ದಾರೆ ಮಾರಾಯಾ, ಏಣಿ ಗಿಡ್ಡ ಆಗ್ತದೆ” ಎನ್ನುತ್ತಾಳೆ.

ಗಂಡಸಿನ ಮಾತಿನಲ್ಲಿ ಒತ್ತು ಎಲ್ಲಿ ಬೀಳಬೇಕು? ಹೊಸಬರು ‘ಹಣ್ಣಾಗಿ’ ಎಂಬಲ್ಲಿ ದನಿ ಎಳೆಯುತ್ತಾರೆ, ಹುಬ್ಬು ಹಾರಿಸುತ್ತಾರೆ, ಮುಂದಿನ ಸಾಲಿನ ಹುಡುಗರ ಕಡೆ ತಿರುಗಿ ಕಣ್ಣು ಹೊಡೆಯುತ್ತಾರೆ. ಅಲ್ಲಿಗೆ ಮುಗಿಯಿತು. ಪ್ರೇಕ್ಷಕ ಎರಡನೇ ಅರ್ಥವನ್ನು ತಾನೇ ಕಂಡುಹಿಡಿಯುವ ಸಂತೋಷ ಹೋಯಿತು, ನಟ ಅದನ್ನು ತಟ್ಟೆಯಲ್ಲಿಟ್ಟು ಬಡಿಸಿಬಿಟ್ಟ. ಒತ್ತು ಬೀಳಬೇಕಾದ್ದು ‘ಜನ’ದ ಮೇಲೆ, ಅದೂ ಕೂಲಿ ಆಳು ಸಿಗದ ಊರಿನವನ ನಿಜವಾದ ಚಿಂತೆಯಿಂದ. ಅವನು ಹಲಸಿನ ಬಗ್ಗೆಯೇ ಮಾತಾಡುತ್ತಿದ್ದಾನೆ ಎಂದು ನಂಬಿಸುವಷ್ಟು ಗಂಭೀರವಾಗಿ ಮರದ ತುದಿ ನೋಡಬೇಕು. ನೋಟ ಅವಳ ಮೇಲೆ ಬಿದ್ದರೆ ಕೆಟ್ಟಿತು.

ಅವಳ ಕೈಗೆ ಕೆಲಸ ಕೊಡಿ. ಬರಿಗೈಯಲ್ಲಿ ಕೂತ ನಟಿ ಏನು ಮಾಡಲೂ ತೋಚದೆ ನಕ್ಕುಬಿಡುತ್ತಾಳೆ. ಮೊರದಲ್ಲಿ ಅಕ್ಕಿ ಆರಿಸುತ್ತಿರಲಿ. (ಹಪ್ಪಳ ಒತ್ತಿಸಬೇಡಿ. ಹಪ್ಪಳಕ್ಕೆ ಬೇಕಾದ್ದು ಬಲಿತ ಕಾಯಿ, ಮಾತು ಹಣ್ಣಿನದು. ಶಿರಸಿ ಸೀಮೆಯ ಪ್ರೇಕ್ಷಕರು ನಗುವ ಮೊದಲು ಅದನ್ನು ಹಿಡಿಯುತ್ತಾರೆ.) “ಜನ ಇದ್ದಾರೆ ಮಾರಾಯಾ” ಎನ್ನುವವರೆಗೆ ಬೆರಳು ಅಕ್ಕಿಯಲ್ಲಿ ಆಡುತ್ತಲೇ ಇರಬೇಕು. ಆಮೇಲೆ ಬೆರಳು ನಿಲ್ಲಬೇಕು, ಒಂದು ಕಲ್ಲು ಸಿಕ್ಕಿದಂತೆ. ಒಂದು ಸೆಕೆಂಡು. ಕಲ್ಲನ್ನು ಎತ್ತಿ ಆಚೆ ಎಸೆಯುತ್ತ, ದನಿ ಏರಿಸದೆ, “ಏಣಿ ಗಿಡ್ಡ ಆಗ್ತದೆ.” ಮತ್ತೆ ಅಕ್ಕಿ. ಅವನ ಮುಖ ನೋಡಲೇ ಬಾರದು. ಆ ಒಂದು ಸೆಕೆಂಡು ಎರಡಾದರೆ ಮಾತು ಮರೆತಳು ಎಂದು ಜನ ತಿಳಿಯುತ್ತಾರೆ, ಅರ್ಧವಾದರೆ ಮೊದಲ ಮಾತು ಕಿವಿಯೊಳಗೆ ಇಳಿದಿರುವುದೇ ಇಲ್ಲ. ನಗು ಶುರುವಾಗುವುದು ಅವಳ ಮಾತಿಗಲ್ಲ, ಅದನ್ನು ಕೇಳಿ ಬಾಯಿ ಬಿಟ್ಟು ನಿಂತ ಅವನ ಮುಖಕ್ಕೆ. ದ್ವಂದ್ವಾರ್ಥದ ಹಾಸ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನಟನೆ ಕೇಳುವವನದು ಎಂಬುದನ್ನು ಹವ್ಯಾಸಿಗಳು ತಡವಾಗಿ ಕಲಿಯುತ್ತಾರೆ, ಕೆಲವರು ಕಲಿಯುವುದೇ ಇಲ್ಲ.

ಇನ್ನೊಂದು ಗಮನಿಸಿ. ಈ ಮಾತುಕತೆಯಲ್ಲಿ ಗೆದ್ದವಳು ಅವಳು. ಕೆಣಕಲು ಬಂದವ ಸೋತು ಹೋದ. ಅವಳ ಉತ್ತರ ತೆಗೆದು ಮೊದಲ ಸಾಲನ್ನು ಮಾತ್ರ ಇಟ್ಟುಕೊಂಡರೆ ಅದು ಬೀದಿಯ ಚುಡಾವಣೆ, ನಗುವಂಥದ್ದು ಏನೂ ಇಲ್ಲ. ಉಮಾಶ್ರೀ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿ. ‘ಅನುಭವ’ ಅವರನ್ನು ಮನೆಮಾತು ಮಾಡಿತು, ಮುಂದೆ ಎನ್.ಎಸ್. ರಾವ್ ಜೊತೆಗಿನ ಹಾಸ್ಯದ ಜೋಡಿ ಹತ್ತಾರು ಚಿತ್ರಗಳಲ್ಲಿ ನಡೆಯಿತು. ಆ ದೃಶ್ಯಗಳನ್ನು ದನಿ ನಿಲ್ಲಿಸಿ ನೋಡಿ. ಕೊನೆಯ ಮಾತು ಯಾರದು ಎಂದು ಮೈಯ ಭಂಗಿಯಲ್ಲೇ ಗೊತ್ತಾಗುತ್ತದೆ. ಇದು ಸಿನಿಮಾದಲ್ಲಿ ಕಲಿತದ್ದಲ್ಲ, ರಂಗದಿಂದ ತಂದದ್ದು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ಹಸಿವನ್ನೂ ಹಟವನ್ನೂ ರಂಗದ ಮೇಲೆ ನಿಲ್ಲಿಸಿದವರು ಅವರೇ. ಮುಂದೆ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ “ಅಯ್ಯೋ, ಆ ಕಾಮಿಡಿ ಮಾಡುತ್ತಿದ್ದವರಾ?” ಎಂದು ಕಣ್ಣರಳಿಸಿದವರು ಬಹಳ. ಆಶ್ಚರ್ಯಪಡಲು ಏನೂ ಇರಲಿಲ್ಲ. ಮಾತಿನ ತೂಕ ಬಲ್ಲವರಿಗೆ ಮೌನದ ತೂಕವೂ ಗೊತ್ತಿರುತ್ತದೆ. ಆಶ್ಚರ್ಯಪಡಬೇಕಾದ್ದು ಅಷ್ಟು ವರ್ಷ ಅವರನ್ನು ಒಂದೇ ಬಗೆಯ ಪಾತ್ರಕ್ಕೆ ಕಟ್ಟಿಹಾಕಿದ್ದಕ್ಕೆ. ಅದೇ ಮಾತನ್ನಾಡಿದ ಗಂಡು ನಟರಿಗೆ ‘ತುಂಟ’ ಎಂಬ ಹೆಸರು, ಹೆಣ್ಣಿಗೆ ಬೇರೆ ಹೆಸರು. 2025ರ ಜನವರಿಯಲ್ಲಿ ನಮ್ಮ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಯಕ್ಷಗಾನ ಆಟದಲ್ಲಿ ಉಮಾಶ್ರೀ ಮಂಥರೆಯಾಗಿ ರಂಗಸ್ಥಳಕ್ಕೆ ಬಂದದ್ದು ಜಿಲ್ಲೆಯವರಿಗೆ ನೆನಪಿರಬೇಕು.

ಮಂಥರೆ ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಹೆಚ್ಚಾಗಿ ಹಾಸ್ಯಗಾರನ ಪಾಲಿಗೆ ಬರುವ ವೇಷ. ಹಾಸ್ಯಗಾರ ಎಂಬುದು ಈ ಜಿಲ್ಲೆಯಲ್ಲಿ ಒಂದು ಮನೆತನದ ಹೆಸರೂ ಹೌದು, ಕರ್ಕಿಯ ಹಾಸ್ಯಗಾರರನ್ನು ಅರಿಯದ ಯಕ್ಷಗಾನ ಪ್ರೇಮಿ ಇಲ್ಲ. ನಳ ದಮಯಂತಿಯ ಬಾಹುಕನಿರಲಿ, ಓಲೆ ತರುವ ದೂತನಿರಲಿ, ಬರೆದಿಟ್ಟ ಮಾತಿಲ್ಲ. ಕೇಳುವವರಾಗಿ ಪದ ಹಾಡಿ ಆಟ ನಡೆಸುವ ಭಾಗವತರು ಇದ್ದಾರೆ. “ಹಾಗಂದ್ರೆ ಎಂಥದೋ?” ಎಂದು ಏನೂ ತಿಳಿಯದವರ ಹಾಗೆ ಅವರು ಕೇಳುವ ಒಂದು ಪ್ರಶ್ನೆಯ ಮೇಲೆ ಇಡೀ ನಗೆ ನಿಲ್ಲುತ್ತದೆ. ಭಾಗವತರೇ ನಕ್ಕುಬಿಟ್ಟರೆ ಹಾಸ್ಯಗಾರನಿಗೆ ಗೋಡೆಯೇ ಇಲ್ಲದಂತೆ, ಚೆಂಡು ಎಸೆದದ್ದು ತಿರುಗಿ ಬರುವುದಿಲ್ಲ. ಸಿನಿಮಾದಲ್ಲಿ ಆ ಗೋಡೆಯ ಕೆಲಸ ಪೋಷಕ ನಟರದು. 1992ರ ‘ತರ್ಲೆ ನನ್ಮಗ’ದಲ್ಲಿ, ಕಾಶೀನಾಥರ ಗರಡಿಯಿಂದ ಬಂದ ಉಪೇಂದ್ರರ ಮೊದಲ ನಿರ್ದೇಶನದಲ್ಲಿ, ಜಗ್ಗೇಶ್ ಕಾಶೀನಾಥರಿಗೆ ತದ್ವಿರುದ್ಧ ದಾರಿ ಹಿಡಿದರು. ತಾನೇನು ಹೇಳುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತು, ಅದನ್ನು ಮುಚ್ಚಿಡುವುದೂ ಇಲ್ಲ, ಅಕ್ಷರ ಎಳೆಯುತ್ತಾರೆ, ಮುಖ ಹಿಂಡುತ್ತಾರೆ. ಹಾಗೆ ಮಾಡಲು ಆದದ್ದು ಸುತ್ತಲಿನ ಬ್ಯಾಂಕ್ ಜನಾರ್ದನ್ ಅವರಂಥವರು ಅಲುಗಾಡದೆ ನಿಂತದ್ದರಿಂದ. ದೃಶ್ಯದಲ್ಲಿ ಒಬ್ಬ ಕುಣಿಯಬಹುದು, ಇಬ್ಬರು ಕುಣಿದರೆ ನೆಲ ಯಾರಾಗಬೇಕು?

ಸಿನಿಮಾ ನಟನಿಗೆ ಇರುವ ಒಂದು ತೊಂದರೆ ನಮ್ಮಂಥ ರಂಗದವರಿಗಿಲ್ಲ. ಜನ ನಗುವ ತನಕ ಅವನು ಕಾಯಲಾರ. ಆಗಿನ 35 ಎಂ.ಎಂ. ರೀಲಿನಲ್ಲಿ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್), ಸೆಕೆಂಡಿಗೆ ಓಡುತ್ತಿದ್ದುದು 24. ಅಂದರೆ ಒಂದು ಅಡಿ ಫಿಲ್ಮ್ ಸೆಕೆಂಡಿನ ಮೂರರಲ್ಲಿ ಎರಡು ಪಾಲು. ಟಾಕೀಸಿನಲ್ಲಿ ಎದ್ದ ನಗು ಇಳಿಯಲು ಎರಡು ಸೆಕೆಂಡು ಬೇಕಾದರೆ ಸಂಕಲನಕಾರ ಮೂರು ಅಡಿ ಬಿಡಬೇಕಿತ್ತು, ಇಲ್ಲದಿದ್ದರೆ ಮುಂದಿನ ಮಾತನ್ನು ನಗು ನುಂಗುತ್ತಿತ್ತು. ಆ ಮೂರು ಅಡಿಯಲ್ಲಿ ತೋರಿಸಲು ಏನಾದರೂ ಬೇಕಲ್ಲ, ಅದಕ್ಕೇ ಕೇಳಿದವನ ಮುಖದ ಕ್ಲೋಸಪ್. ಯಾರೂ ಇಲ್ಲದ ಸ್ಟುಡಿಯೋದಲ್ಲಿ, ನಾಳೆ ಸಾವಿರ ಜನ ಎಲ್ಲಿ ನಗುತ್ತಾರೆಂದು ಊಹಿಸಿ, ಅಷ್ಟು ಹೊತ್ತು ಮುಖವನ್ನು ಹಾಳಾಗದಂತೆ ಹಿಡಿದಿಡುವುದು ಸಣ್ಣ ಕೆಲಸವಲ್ಲ. ಮೇಲಾಗಿ ಆ ಕಾಲದ ಚಿತ್ರಗಳ ಮಾತು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಆಡಿದ್ದು. ತೆರೆಯ ಮೇಲಿನ ತುಟಿಗೆ ಸರಿಯಾಗಿ, ಎದುರು ಯಾರೂ ಇಲ್ಲದೆ, ಅದೇ ಮುಗ್ಧತೆಯನ್ನು ಎರಡನೇ ಸಲ ತರಬೇಕು.

ಸೆನ್ಸಾರ್ ಕೂಡ ಈ ನಟನೆಯನ್ನು ತಿದ್ದಿದೆ ಎಂದರೆ ನಗಬೇಡಿ. 1991ರ ಮಾರ್ಗಸೂಚಿಯಲ್ಲಿ ಕೀಳು ಪ್ರವೃತ್ತಿಯನ್ನು ಕೆರಳಿಸುವ ದ್ವಂದ್ವಾರ್ಥದ ಮಾತಿಗೆ ಅವಕಾಶವಿಲ್ಲ ಎಂದೇ ಇದೆ. ಕಾಗದದ ಮೇಲೆ “ಏಣಿ ಗಿಡ್ಡ” ಎಂಬುದರಲ್ಲಿ ಕತ್ತರಿಸಲು ಏನಿದೆ? ನಟ ಕಣ್ಣು ಹೊಡೆದರೆ ಇದೆ.

ಊರ ನಾಟಕಗಳಿಗೆ ಬರೋಣ. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ಬಂದು ಟೆಂಟು ಹಾಕುವ ನಾಟಕ ಕಂಪನಿಗಳ ಹಾಸ್ಯ ನಟರನ್ನು ನೋಡಿ ಕಲಿಯುವುದು ಬಹಳ ಇದೆ. ಹಿಂದೆ ಅರಮನೆಯ ಸೆಟ್ಟು ಕಟ್ಟುತ್ತಿರುವಾಗ ಮುಂದೆ ಬೀದಿಯ ಪರದೆ ಬಿಟ್ಟು ಇವರನ್ನು ನಿಲ್ಲಿಸುತ್ತಾರೆ. ಸೆಟ್ಟು ಐದು ನಿಮಿಷಕ್ಕೆ ಸಿದ್ಧವಾದರೆ ಐದೇ, ಒಂಬತ್ತಾದರೆ ಒಂಬತ್ತು. ಹಿಗ್ಗಿಸುವಾಗ ಅವರು ಹೊಸ ಪೋಲಿ ಮಾತು ಸೇರಿಸುವುದಿಲ್ಲ, ಇದ್ದ ಮಾತಿನ ನಡುವಿನ ಕೆಲಸವನ್ನು ಹಿಗ್ಗಿಸುತ್ತಾರೆ: ಬೀಡಿ ಹುಡುಕುವುದು, ಕಡ್ಡಿ ಸಿಗದಿರುವುದು. ನಮ್ಮ ಹುಡುಗರು ಮಾಡುವುದು ಉಲ್ಟಾ. ಒಂದು ನಗು ಬಿತ್ತೆಂದರೆ ಅದೇ ಮಾತನ್ನು ಮೂರು ಸಲ ಹೇಳುತ್ತಾರೆ, ಪ್ರತಿ ಸಲ ಒಂದು ಪದ ಹಸಿ ಮಾಡುತ್ತ. ಕೀಬೋರ್ಡಿನವ ಮಾತು ಮುಗಿಯುವ ಮೊದಲೇ “ಟೊಂಯ್” ಎನಿಸುತ್ತಾನೆ. ನಗಬೇಕಾದ ಜಾಗ ಇದು ಎಂದು ಬೋರ್ಡು ಹಾಕಿದಂತೆ. ಹೆಣ್ಣು ವೇಷ ಹಾಕಿದವನಿಗೆ ಎದೆಗೆ ತುಂಬಿದ ಬಟ್ಟೆ ಮಾತಿಗಿಂತ ಮುಂದೆ ಬಂದಿರುತ್ತದೆ, ಜನ ಅದನ್ನು ನೋಡಿ ಒಮ್ಮೆ ನಗುತ್ತಾರೆ, ಮಾತಿಗೆ ನಗು ಉಳಿದಿರುವುದಿಲ್ಲ.

ಮೈಕಿನದು ಬೇರೆಯೇ ಗೋಳು. ತೂಗುಬಿಟ್ಟ ಮೈಕಿಗೆ ಬೆನ್ನು ತಿರುಗಿಸಿ ಕೊನೆಯ ಪದ ಆಡಿದರೆ ಹಿಂದಿನ ಸಾಲಿಗೆ ಕೇಳುವುದು ‘ಏ...’ ಅಷ್ಟೇ. ಮುಂದಿನವರು ನಕ್ಕದ್ದು ಯಾಕೆಂದು ಹಿಂದಿನವರು ಒಬ್ಬರನ್ನೊಬ್ಬರು ಕೇಳುತ್ತಾರೆ, ಆ ಗುಜುಗುಜಿನಲ್ಲಿ ಮುಂದಿನ ಎರಡು ಮಾತು ಹೋಗುತ್ತದೆ. ತಿರುಗುವುದಿದ್ದರೆ ‘ಮಾರಾಯಾ’ ಎನ್ನುವಾಗ ತಿರುಗಿ, ‘ಏಣಿ’ಗೆ ಮುಖ ಮೈಕಿನ ಕಡೆ ಇರಲಿ. ನಗು ಪೂರ್ತಿ ನಿಲ್ಲುವವರೆಗೂ ಕಾಯಬೇಡಿ, ಮೂರರಲ್ಲಿ ಎರಡು ಪಾಲು ಇಳಿದಾಗ ಮುಂದಿನ ಮಾತು ಹಿಡಿಯಿರಿ. ಪೂರ್ತಿ ಮೌನದಿಂದ ಎತ್ತುವುದು ಬಾವಿಯಿಂದ ನೀರು ಸೇದಿದ ಹಾಗೆ.

ಭಾಷೆಯ ವಿಷಯದಲ್ಲಿ ಕಾರವಾರ, ಅಂಕೋಲಾ ಕಡೆ ಹೋಗುವ ತಂಡಗಳಿಗೆ ಒಂದು ಕಿವಿಮಾತು. ಬೆಂಗಳೂರಿನ ಚಿತ್ರದ ಶ್ಲೇಷೆ ಕೊಂಕಣಿ ಕಿವಿಗೆ ಬೇರೆಯಾಗಿ ಬೀಳುತ್ತದೆ. ‘ಬಾಯಿ’ ಎಂದರೆ ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. “ಬಾಯಿ ಮುಚ್ಚು” ಎಂದು ಗದರಿದ ಗಂಭೀರ ದೃಶ್ಯದಲ್ಲಿ ಸಭೆ ಗೊಳ್ಳೆಂದರೆ ನಟನ ತಪ್ಪಲ್ಲ, ಆದರೆ ಅವನ ದೃಶ್ಯ ಹೋದಂತೆಯೇ. ಊರಿನವರೊಬ್ಬರನ್ನು ಕೂರಿಸಿಕೊಂಡು ಮಾತುಗಳನ್ನು ಒಮ್ಮೆ ಓದಿ. ಅದಕ್ಕೆ ತಂಡದ ಗೆಳೆಯರನ್ನು ಆರಿಸಬೇಡಿ, ಅವರು ಮೊದಲೇ ನಗಲು ಸಿದ್ಧರಾಗಿರುತ್ತಾರೆ. ಕಥೆ ಗೊತ್ತಿಲ್ಲದ ಹಿರಿಯ ಹೆಂಗಸೊಬ್ಬರು ಇದ್ದರೆ ಒಳ್ಳೆಯದು. ಅವರು ಮೊದಲ ಓದಿಗೆ ಸುಮ್ಮನಿದ್ದು, ಚಹಾದ ಲೋಟ ಎತ್ತುವಾಗ ಥಟ್ಟನೆ ನಕ್ಕರೆ, ಆ ಮಾತನ್ನು ಇಟ್ಟುಕೊಳ್ಳಿ.

— ಹವ್ಯಾಸಿ ನಾಟಕ ಕಲಾವಿದರು, ಶಿರಸಿ ಮತ್ತು ಹೊನ್ನಾವರ