ನ್ಯೂಪೋರ್ಟ್ ಸೇತುವೆ ಕಾಟಾಚಾರದ ಕೆಲಸ ಅಲ್ಲ

ಮಾನ್ಯ ಸಂಪಾದಕರೇ,

1930ರ ದಶಕದ ಅಮೆರಿಕದ ಆರ್ಥಿಕ ಕುಸಿತದ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಲೇಖನ ಓದಿದೆ, ಚೆನ್ನಾಗೇ ಇತ್ತು, ಆದ್ರೆ ಆಗ ಸರ್ಕಾರ ಮಾಡಿಸಿದ ಕಾಮಗಾರಿಗಳನ್ನೆಲ್ಲ ಗುಂಡಿ ತೋಡಿ ಗುಂಡಿ ಮುಚ್ಚೋ ಕೆಲಸ ಅಂತ ಒಂದೇ ಸಾಲಲ್ಲಿ ತಳ್ಳಿಹಾಕಿದ್ದು ನಂಗೆ ಬೇಜಾರಾಯ್ತು. ನಾನಿರೋದು ಆರೆಗಾನ್ ರಾಜ್ಯದಲ್ಲಿ. ಇಲ್ಲಿನ ಕಡಲತೀರದ ನ್ಯೂಪೋರ್ಟ್ ಅನ್ನೋ ಚಿಕ್ಕ ಊರಿನ ಯಕ್ವಿನಾ ಬೇ ಸೇತುವೆ ಆ ಕಾಲದ್ದೇ.

1934ರಲ್ಲಿ ಶುರು ಮಾಡಿ 1936ರ ಸೆಪ್ಟೆಂಬರಲ್ಲಿ ಓಡಾಟಕ್ಕೆ ಬಿಟ್ರು, ಖರ್ಚು ಸುಮಾರು 13 ಲಕ್ಷ ಡಾಲರ್, ಅಲ್ಲಿವರೆಗೂ ಕಾರು ಲಾರಿ ಎಲ್ಲಾ ಫೆರಿ ಹತ್ತಿಯೇ ಆಚೆ ದಡಕ್ಕೆ ಹೋಗ್ಬೇಕಿತ್ತು. ಪಿಡಬ್ಲ್ಯುಎ ಅನ್ನೋ ಕೇಂದ್ರದ ಸಂಸ್ಥೆಯ ನೆರವಲ್ಲಿ ಇದೇ ತೀರದಲ್ಲಿ ಐದು ದೊಡ್ಡ ಸೇತುವೆ ಎದ್ದವು, ಐದರ ಹಿಂದೆಯೂ ಇದ್ದ ಇಂಜಿನಿಯರ್ ಕಾಂಡೆ ಮೆಕಲ್ಲೋ. ನಂಗೆ ತುಂಬಾ ಹಿಡಿಸಿದ್ದು ಆ ಕಾಮಗಾರಿಗಳ ಒಂದು ರೂಲ್, ಒಬ್ಬ ಕೆಲಸಗಾರನಿಗೆ ವಾರಕ್ಕೆ 30 ಗಂಟೆ ಅಷ್ಟೇ, ಉಳಿದ ಕೆಲಸ ಇನ್ನೊಬ್ಬನಿಗೆ ಸಿಗ್ಲಿ ಅಂತ. ಇರೋ ಒಂದು ಮುದ್ದೆನ ಇಬ್ರು ಮುರ್ಕೊಂಡು ತಿಂದ ಹಾಗೆ.

ಹಾಗಂತ ಕೆಲಸದಲ್ಲಿ ಅವಸರ ಕಾಣಲ್ಲ. ಮಧ್ಯದ ಹಸಿರು ಬಣ್ಣದ ಉಕ್ಕಿನ ಕಮಾನೊಂದೇ ಈ ತುದಿಯಿಂದ ಆ ತುದಿಗೆ 600 ಅಡಿ ಉದ್ದ, ಎರಡೂ ತುದಿಯಲ್ಲಿ ನಡ್ಕೊಂಡು ಬರೋರು ನಿಂತು ನೀರು ನೋಡೋಕೆ ಜಾಗ, ಇಳಿಯೋಕೆ ಮೆಟ್ಟಿಲು. ಪಕ್ಕದ ಕಾಂಕ್ರೀಟ್ ಕಟಕಟೆ ಬಗ್ಗಿ ನೋಡಿದ್ರೆ ಅದ್ರಲ್ಲೂ ಸಾಲಾಗಿ ಪುಟ್ಟ ಪುಟ್ಟ ಕಮಾನು, ಸೊಂಟದೆತ್ತರದ ಗೋಡೆಗೂ ಅಷ್ಟು ಮನಸ್ಸಿಟ್ಟು ಮಾಡಿದಾರೆ ಸರ್.

ಉಪ್ಪುಗಾಳಿ ಮಾತ್ರ ಯಾರನ್ನೂ ಬಿಡಲ್ಲ. ನ್ಯೂಪೋರ್ಟಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ ವಾಲ್ಡ್‌ಪೋರ್ಟಲ್ಲಿದ್ದ, ಆ ಐದರಲ್ಲೇ ಒಂದಾದ ಸೇತುವೆಗೆ ಒಳಗಿನ ಕಬ್ಬಿಣ ತುಕ್ಕು ಹಿಡ್ದು ಕಾಂಕ್ರೀಟ್ ಬಿರುಕು ಬಿಟ್ಟು 1991ರಲ್ಲಿ ಹೊಸದು ಕಟ್ಟಿ ಹಳೇದನ್ನ ಕೆಡವಿದ್ರು. ನ್ಯೂಪೋರ್ಟಿನದಕ್ಕೆ ಆ ಗತಿ ಬರಬಾರದು ಅಂತ ಕಾಂಕ್ರೀಟ್ ಮೇಲೆ ಸತುವನ್ನ ಕರಗಿಸಿ ಸ್ಪ್ರೇ ಮಾಡಿ ಸಣ್ಣಗೆ ಕರೆಂಟ್ ಹರಿಸ್ತಾರೆ, ಸವೆಯೋದು ಸತು, ಉಳಿಯೋದು ಒಳಗಿನ ಕಬ್ಬಿಣ. 2005ರಲ್ಲಿ ಇದನ್ನ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿಸಿದ್ರು, 101ನೇ ಹೆದ್ದಾರಿ ಇವತ್ತಿಗೂ ಇದ್ರ ಮೇಲೇ ಹೋಗುತ್ತೆ.

ಮುಂದಿನ ಸಲ ಆ ಕಾಲದ ಬಗ್ಗೆ ಬರೆಸೋವಾಗ ವಾಲ್ ಸ್ಟ್ರೀಟ್ ಜೊತೆಗೆ ಈ ಸೇತುವೆಗೂ ನಾಲ್ಕು ಸಾಲು ಜಾಗ ಕೊಡಿ, ಸಾಧ್ಯ ಆದ್ರೆ ಒಂದು ಫೋಟೋನೂ ಹಾಕಿ.

ಇಂತಿ,
ಆರೆಗಾನ್‌ನಿಂದ ನಿಮ್ಮ ಓದುಗ