ಬೆಲ್ಟೇ ಇಲ್ಲದ ಕಂಪ್ರೆಸರ್‌ನ ಬೆಲ್ಟ್ ಪರೀಕ್ಷೆ: ನಿರ್ವಹಣಾ ಸಂಸ್ಥೆಗೊಂದು ದೂರು ಪತ್ರ

ಭೋಸರಿ, ಪುಣೆ
24 ಸೆಪ್ಟೆಂಬರ್ 2025

ಇವರಿಗೆ,
ಮಾಲೀಕರು,
ಕಂಪ್ರೆಸರ್ ನಿರ್ವಹಣಾ ಸಂಸ್ಥೆ, ಪುಣೆ

ವಿಷಯ: ಯಂತ್ರಗಳಿಗೆ ಒತ್ತಡದ ಗಾಳಿ ಒದಗಿಸುವ ನಮ್ಮ 37 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್‌ನ ಸರ್ವಿಸ್‌ನಲ್ಲಿ ಆದ ಲೋಪ, 88 ಗಂಟೆ ಕೆಲಸ ನಿಂತದ್ದು, ಮತ್ತು ನೀವು ಕಳಿಸಿದ ಬಿಲ್.

ಮಾನ್ಯರೇ,

ಈ ವಿಷಯವಾಗಿ ನಿಮ್ಮ ಸಂಸ್ಥೆಗೆ ಇಂಗ್ಲಿಷಿನಲ್ಲಿ ಮೂರು ಇಮೇಲ್ ಕಳಿಸಿದ್ದೇನೆ. ಮೂರಕ್ಕೂ ಬಂದ ಉತ್ತರ ಒಂದೇ: ದೂರು ಪರಿಹಾರವಾಗಿದೆ, ದಯವಿಟ್ಟು ನಮ್ಮ ಸೇವೆಗೆ ಅಂಕ ಕೊಡಿ. ಒಪ್ಪಂದಕ್ಕೆ ಸಹಿ ಹಾಕಿದ ದಿನ ನಮ್ಮ ಕಚೇರಿಯಲ್ಲಿ ಕುಳಿತು ಚಹಾ ಕುಡಿಯುವಾಗ, ನಾನು ಗದಗಿನವನೆಂದು ತಿಳಿದು, "ನಾನೂ ಧಾರವಾಡದ ಕಡೆಯವನೇ, ಏನಿದ್ದರೂ ನೇರವಾಗಿ ನನಗೇ ಹೇಳಿರಿ" ಎಂದಿದ್ದಿರಿ. ಆ ಮಾತನ್ನು ನಂಬಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡದ ಪತ್ರವನ್ನಾದರೂ ಮನುಷ್ಯರು ಓದಿಯಾರು ಎಂಬ ಆಸೆಯೂ ಇದೆ.

ಸೆಪ್ಟೆಂಬರ್ 4ರ ಗುರುವಾರ ನಿಮ್ಮ ತಂತ್ರಜ್ಞರು ಮೂರು ತಿಂಗಳ ಸರ್ವಿಸ್‌ಗೆ ಬಂದರು. ಭೋಸರಿಯಲ್ಲಿ ಗುರುವಾರ ವಾರದ ರಜೆ. ಮೂರು ಶಿಫ್ಟ್ ನಡೆಸುವ ನಮ್ಮಂಥವರಿಗೆ ಕಂಪ್ರೆಸರ್ ನಿಲ್ಲಿಸಲು ಸಿಗುವುದು ಅದೊಂದೇ ದಿನ. ಗಣಪತಿ ಹಬ್ಬದ ಗದ್ದಲ, ಊರೆಲ್ಲ ರಸ್ತೆಯ ಮೇಲಿತ್ತು. ಬೇಗ ಮುಗಿಸಿ ಹೋಗುವ ಆತುರ ಅವರಿಗಿದ್ದರೆ ಅದು ನನಗೆ ಅರ್ಥವಾಗುತ್ತದೆ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು, ಎಣ್ಣೆ ಸ್ವಲ್ಪ ಕಡಿಮೆಯಿತ್ತು, ತುಂಬಿದ್ದೇವೆ ಎಂದರು, ನಮ್ಮ ಮೇಲ್ವಿಚಾರಕರಿಂದ ಸಹಿ ಹಾಕಿಸಿಕೊಂಡು ಹೋದರು.

ಎಂಟು ದಿನಗಳ ನಂತರ, ಸೆಪ್ಟೆಂಬರ್ 12ರ ಶುಕ್ರವಾರ ರಾತ್ರಿ 11:40ಕ್ಕೆ, ಒತ್ತಿ ಹೊರಬರುವ ಗಾಳಿಯ ಉಷ್ಣಾಂಶ 110 ಡಿಗ್ರಿ ಮುಟ್ಟಿ ಕಂಪ್ರೆಸರ್ ಟ್ರಿಪ್ ಆಯಿತು, ಎಂದರೆ ತಾನಾಗಿ ನಿಂತಿತು. ಗಾಳಿ ನಿಂತರೆ ನಮ್ಮಲ್ಲಿ ಎಲ್ಲವೂ ನಿಂತಂತೆ: ಮಾಲನ್ನು ಹಿಡಿಯುವ ಚಕ್ ಕಚ್ಚುವುದಿಲ್ಲ, ಟೂಲ್ ಬದಲಾಗುವುದಿಲ್ಲ, ಕಂಪ್ಯೂಟರ್ ನಡೆಸುವ ಹದಿನಾಲ್ಕು ಸಿಎನ್‌ಸಿ ಯಂತ್ರಗಳು ದೀಪ ಉರಿಸಿಕೊಂಡು ಸುಮ್ಮನೆ ನಿಂತಿರುತ್ತವೆ. ಬೆಳಗಿನ ಜಾವ 3:15ಕ್ಕೆ ನಿಮ್ಮವರು ಬಂದರು. ರೀಸೆಟ್ ಮಾಡಿ ಚಾಲೂ ಮಾಡಿದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಟ್ರಿಪ್. ಜಾಬ್ ಕಾರ್ಡ್‌ನಲ್ಲಿ "ಕಂಪ್ರೆಸರ್ ಕೋಣೆಯಲ್ಲಿ ಬಿಸಿ ಹೆಚ್ಚು" ಎಂದು ಬರೆದು ಹೊರಟುಬಿಟ್ಟರು. ಸೆಪ್ಟೆಂಬರ್ ತಿಂಗಳ ನಡುರಾತ್ರಿ, ಹೊರಗೆ ಮಳೆ, ಕೋಣೆಯ ಥರ್ಮಾಮೀಟರ್‌ನಲ್ಲಿ 31 ಡಿಗ್ರಿ. ಇದೇ ಯಂತ್ರ ಇದೇ ಕೋಣೆಯಲ್ಲಿ ಕಳೆದ ಮೇ ತಿಂಗಳನ್ನು ಒಮ್ಮೆಯೂ ಟ್ರಿಪ್ ಆಗದೆ ಕಳೆದಿದೆ.

ಶನಿವಾರ ಬಿಡಿಭಾಗ ಇಲ್ಲ ಎಂದಿರಿ. ಭಾನುವಾರ ನಿಮ್ಮ ಕಚೇರಿಗೆ ರಜೆ. (ಗುರುವಾರ ರಜೆಯಿರುವ ಕೈಗಾರಿಕಾ ಪ್ರದೇಶದ ಯಂತ್ರಗಳನ್ನು ನೋಡಿಕೊಳ್ಳುವ ಸಂಸ್ಥೆ ಭಾನುವಾರ ಬಾಗಿಲು ಹಾಕುವುದು ಯಾವ ಲೆಕ್ಕವೋ ತಿಳಿಯದು.) ಸೋಮವಾರ, ಕಂಪ್ರೆಸರ್ ಬಿಸಿಯನ್ನು ಹೊತ್ತು ಬರುವ ಎಣ್ಣೆಯನ್ನು ತಣಿಸುವ ಆಯಿಲ್ ಕೂಲರ್ ಬಿಚ್ಚಿದಾಗ ಒಳಗಿನಿಂದ ಬಂದದ್ದು ಎಣ್ಣೆಯಲ್ಲ, ಬೆಲ್ಲದ ಪಾಕದಂತಹ ಕಂದು ಅಂಟು. ಬಿಸಿ ಎಣ್ಣೆಯನ್ನು ಕೂಲರ್ ಕಡೆ ತಿರುಗಿಸುವ ಥರ್ಮಲ್ ವಾಲ್ವ್ ಅದೇ ಅಂಟಿನಲ್ಲಿ ಸಿಕ್ಕಿಕೊಂಡಿತ್ತು. ಕಂಪ್ರೆಸರ್ ಹಿಂದೆ ನಿಮ್ಮವರು ಬಿಟ್ಟುಹೋದ ಖಾಲಿ ಕ್ಯಾನ್ ನನಗೆ ಸಿಕ್ಕಿತು. ಅದು ಖನಿಜ ಎಣ್ಣೆಯದು. ನಮ್ಮ ಯಂತ್ರದಲ್ಲಿರುವುದು ಪಾಲಿಗ್ಲೈಕಾಲ್ ಮೂಲದ ಸಿಂಥೆಟಿಕ್ ಎಣ್ಣೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ, ಬೆರೆತರೆ ಅಂಟುಗಟ್ಟುತ್ತದೆ ಎಂಬುದು ಈ ಕಸುಬಿನ ಮೊದಲ ಪಾಠಗಳಲ್ಲೊಂದು. ಟ್ಯಾಂಕ್ ಮೇಲಿನ ಚೀಟಿಯಲ್ಲೂ ದಪ್ಪಕ್ಷರದಲ್ಲಿ ಅದನ್ನೇ ಬರೆದಿದೆ. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಪಡೆದ ವರದಿ ಲಗತ್ತಿಸಿದ್ದೇನೆ.

ಇಷ್ಟೇ ಆಗಿದ್ದರೆ ಒಬ್ಬ ಮನುಷ್ಯನ ಕೈತಪ್ಪು ಎಂದು ಸುಮ್ಮನಾಗುತ್ತಿದ್ದೆ. ನನ್ನ ನಿಜವಾದ ದೂರು ಆ ಎಂಟು ದಿನಗಳದು.

ಒಪ್ಪಂದದ ಜೊತೆಗೆ ನೀವು ಹೆಚ್ಚುವರಿ ಹಣ ಪಡೆದು ಕಂಪ್ರೆಸರ್ ಮೇಲೆ ಒಂದು ನಿಗಾ ಪೆಟ್ಟಿಗೆ ಕೂರಿಸಿದ್ದೀರಿ. ಯಂತ್ರ ಕೆಡುವ ಮೊದಲೇ ಅದು ಹೇಳುತ್ತದೆ ಎಂದು ನಿಮ್ಮ ಮಾರಾಟದ ಹುಡುಗರು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ್ದರು. ಅವರು ತೋರಿಸಿದ ರೇಖೆ ಸರಿಯಾಗಿಯೇ ಇತ್ತು: ದೋಷ ಮೊದಲ ಬಾರಿಗೆ ಕಣ್ಣಿಗೆ ಬೀಳುವ ಬಿಂದು ಒಂದು, ಯಂತ್ರ ನಿಲ್ಲುವ ಬಿಂದು ಇನ್ನೊಂದು, ಅವೆರಡರ ನಡುವಿನ ಅವಧಿಯೇ ನಿರ್ವಹಣೆ ಮಾಡುವವನಿಗೆ ಸಿಗುವ ಸಮಯ. ಅದೇ ಪೆಟ್ಟಿಗೆಯ ದಾಖಲೆಯನ್ನು ಈಗ ತೆಗೆದು ನೋಡಿದೆ. ಸರ್ವಿಸ್‌ಗೆ ಮೊದಲು ಉಷ್ಣಾಂಶ 83 ಡಿಗ್ರಿಯ ಆಸುಪಾಸಿನಲ್ಲಿತ್ತು. 6ರಂದು 86, 8ರಂದು 90, 10ರಂದು 96, 12ರ ಬೆಳಿಗ್ಗೆ 101. ಮೆಟ್ಟಿಲು ಹತ್ತಿದ ಹಾಗೆ ಏರಿದೆ. ಯಂತ್ರ ತನ್ನ ಮಟ್ಟಿಗೆ ಹೇಳುತ್ತಲೇ ಇತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಎಚ್ಚರಿಕೆಯ ಮಿತಿಯನ್ನು 105ಕ್ಕೆ ಇಟ್ಟಿದ್ದರಿಂದ ಮೊದಲ ಎಸ್‌ಎಂಎಸ್ ಹೋದದ್ದು ಟ್ರಿಪ್ ಆಗುವುದಕ್ಕೆ ಅರ್ಧ ಗಂಟೆ ಮೊದಲು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಅದೂ ಯಾರಿಗೆ ಹೋಯಿತು? ಜುಲೈನಲ್ಲೇ ನಿಮ್ಮ ಕೆಲಸ ಬಿಟ್ಟುಹೋದ ತಂತ್ರಜ್ಞರೊಬ್ಬರ ಮೊಬೈಲ್‌ಗೆ. ಅವರು ಸಜ್ಜನರು, ಮರುದಿನ ಬೆಳಿಗ್ಗೆ ನನಗೆ ಫೋನ್ ಮಾಡಿ "ಸರ್, ನಿಮ್ಮ ಕಂಪ್ರೆಸರ್ ಸರಿ ಇದೆಯೇ" ಎಂದು ವಿಚಾರಿಸಿದರು. ಒಪ್ಪಂದದಲ್ಲಿಲ್ಲದವರಿಂದ ನನಗೆ ಸಿಕ್ಕ ಸೇವೆ ಇದು.

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. 10ರಂದು ನಮ್ಮ ಆಪರೇಟರ್ 96 ಡಿಗ್ರಿಯನ್ನು ಲಾಗ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ನಿಮ್ಮ ಸಹಾಯವಾಣಿಗೆ ಕರೆ ಮಾಡಿದ. "ಕೋಣೆಯ ಬಾಗಿಲು ತೆರೆದಿಡಿ" ಎಂಬ ಸಲಹೆ ಬಂತು, ದೂರು ಮುಗಿದಿದೆ ಎಂಬ ಸಂದೇಶವೂ ಬಂತು. ಆ ದಿನವೇ ನಾನು ಹಟ ಹಿಡಿದು ಯಂತ್ರ ನಿಲ್ಲಿಸಬೇಕಿತ್ತು. ಚಾಕಣಕ್ಕೆ ಹೋಗಬೇಕಿದ್ದ ಮಾಲಿನ ಒತ್ತಡದಲ್ಲಿ ನಿಲ್ಲಿಸಲಿಲ್ಲ.

ಇನ್ನು ನಿಮ್ಮ ಸರ್ವಿಸ್ ಹಾಳೆಗಳು. ನಾಲ್ಕು ಭೇಟಿಗಳ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ನಾಲ್ಕರಲ್ಲೂ "ಬೆಲ್ಟ್ ಬಿಗಿತ: ಸರಿಯಿದೆ" ಎಂದು ಗುರುತು ಹಾಕಲಾಗಿದೆ. ನಮ್ಮದು ಮೋಟರ್‌ಗೆ ನೇರವಾಗಿ ಜೋಡಿಸಿದ ಕಂಪ್ರೆಸರ್. ಅದರಲ್ಲಿ ಬೆಲ್ಟೇ ಇಲ್ಲ. ನಾಲ್ಕರಲ್ಲೂ, ಗಾಳಿಯಿಂದ ಎಣ್ಣೆಯನ್ನು ಬೇರ್ಪಡಿಸುವ ಸಪರೇಟರ್‌ನ ಒತ್ತಡ ವ್ಯತ್ಯಾಸ 0.3 ಬಾರ್. ಜೂನ್ ಭೇಟಿಯ ದಿನ ಆ ಮೀಟರ್ ಕ್ಯಾಲಿಬ್ರೇಶನ್‌ಗೆಂದು ಹೊರಗೆ ಹೋಗಿತ್ತು, ಆದರೂ 0.3. ಸಪರೇಟರ್ ಕಟ್ಟಿಕೊಳ್ಳುತ್ತ ಹೋದಂತೆ ಈ ಅಂಕಿ ಏರಲೇಬೇಕು. ಏರಿದ ಪ್ರತಿ ಒಂದು ಬಾರ್‌ಗೆ ಕಂಪ್ರೆಸರ್ ಸುಮಾರು ಶೇಕಡಾ 6ರಿಂದ 7ರಷ್ಟು ಹೆಚ್ಚು ವಿದ್ಯುತ್ ತಿನ್ನುತ್ತದೆ. ಆದ್ದರಿಂದ ಸುಳ್ಳು 0.3 ಎಂಬುದು ನಮ್ಮ ವಿದ್ಯುತ್ ಬಿಲ್ಲಿನ ಪ್ರಶ್ನೆಯೂ ಹೌದು.

ನಿಮ್ಮ ಸೇವಾ ವ್ಯವಸ್ಥಾಪಕರು ಫೋನಿನಲ್ಲಿ ಹೇಳಿದ ಮಾತಿಗೂ ಉತ್ತರ ಕೊಡಬೇಕು. "ಈಗಷ್ಟೇ ಸರ್ವಿಸ್ ಆದ ಯಂತ್ರ, ನಮ್ಮಿಂದ ಹೇಗೆ ಕೆಟ್ಟೀತು? ವಯಸ್ಸಾಗಿದೆ" ಎಂದರು. ಈಗಷ್ಟೇ ಸರ್ವಿಸ್ ಆಗಿರುವುದೇ ಅನುಮಾನಕ್ಕೆ ಕಾರಣ, ಸ್ವಾಮಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕರಾವಳಿ ವಿಭಾಗದ ಬಾಂಬರ್‌ಗಳ ದಾಖಲೆ ನೋಡಿದ ವಿಜ್ಞಾನಿ ವಾಡಿಂಗ್ಟನ್ ಮತ್ತು ಅವರ ಸಂಗಡಿಗರು, ಪ್ರತಿ 50 ಗಂಟೆಗೆ ಮಾಡುವ ತಪಾಸಣೆ ಮುಗಿದ ಕೂಡಲೇ ಕೆಡುವಿಕೆ ಹೆಚ್ಚಾಗಿ, ಆಮೇಲೆ ಇಳಿಯುವುದನ್ನು ಕಂಡರು. ಬಿಚ್ಚುವ, ಮುಟ್ಟುವ ಕೈಯೇ ದೋಷ ತರುತ್ತಿತ್ತು. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ವಿಮಾನ ಸಂಸ್ಥೆಯ ನೌಲನ್ ಮತ್ತು ಹೀಪ್ ವಿಮಾನದ ಬಿಡಿಭಾಗಗಳ ಬಗ್ಗೆ ಕೊಟ್ಟ ವರದಿಯಲ್ಲಿ, ವಯಸ್ಸಿನೊಂದಿಗೆ ಸವೆದು ಕೆಡುವ ಲಕ್ಷಣ ಕಂಡದ್ದು ಶೇಕಡಾ 11ರಲ್ಲಿ ಮಾತ್ರ; ಶೇಕಡಾ 68ರಲ್ಲಿ ಕೆಡುವ ಸಂಭವ ಹೆಚ್ಚಿದ್ದದ್ದು ಕೂರಿಸಿದ ಹೊಸತರಲ್ಲಿ. ವಿಮಾನದ ಲೆಕ್ಕ ಭೋಸರಿಯ ಕಂಪ್ರೆಸರ್‌ಗೆ ಹಾಗೆಯೇ ಕೂಡುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ವಯಸ್ಸು ಎಂಬ ಮಾತನ್ನು ಕಾರಣ ಹುಡುಕಿದ ಮೇಲೆ ಆಡಬೇಕು, ಹುಡುಕುವ ಬದಲಿಗೆ ಆಡಬಾರದು.

ಕಡೆಯದಾಗಿ, ನಮ್ಮ ಕೆಲಸದ ಗಂಟೆಗಳಲ್ಲಿ ಶೇಕಡಾ 99ರಷ್ಟು ಕಾಲ ಕಂಪ್ರೆಸರ್ ನಡೆಯುತ್ತದೆ ಎಂಬ ನಿಮ್ಮ ಭರವಸೆ. ತಿಂಗಳಿಗೆ 600ರಂತೆ ನಮ್ಮ ವರ್ಷದ ಕೆಲಸ 7,200 ಗಂಟೆ. ಅದರ ಶೇಕಡಾ ಒಂದು ಎಂದರೆ 72 ಗಂಟೆ. ಶುಕ್ರವಾರ ರಾತ್ರಿ 11:40ರಿಂದ ಮಂಗಳವಾರ ಸಂಜೆ 4ರವರೆಗೆ 88 ಗಂಟೆ 20 ನಿಮಿಷ. ಒಂದೇ ನಿಲುಗಡೆ ವರ್ಷದ ಪಾಲನ್ನು ನುಂಗಿ, ಮೇಲೆ 16 ಗಂಟೆ ಸಾಲ ಮಾಡಿದೆ. ನಿಮ್ಮ ತಿಂಗಳ ವರದಿಯಲ್ಲಿ ಮಾತ್ರ ಅದು 3 ಗಂಟೆ 35 ನಿಮಿಷ. ನಿಮ್ಮ ತಂತ್ರಜ್ಞರು ನಮ್ಮ ಗೇಟಿಗೆ ಬಂದ ಕ್ಷಣಕ್ಕೆ ನಿಮ್ಮ ಗಡಿಯಾರ ನಿಂತಿದೆ. ನನ್ನ ಗಡಿಯಾರ ನಿಂತದ್ದು ಪೈಪಿನಲ್ಲಿ ಗಾಳಿ ಬಂದಾಗ.

ಇಷ್ಟರ ಮೇಲೆ, ಎಣ್ಣೆ ಬದಲಾಯಿಸಿ ಒಳಗೆ ತೊಳೆದದ್ದು ಒಪ್ಪಂದದ ಹೊರಗಿನ ಕೆಲಸ ಎಂದು 61,400 ರೂಪಾಯಿಯ ಬಿಲ್ ಬಂದಿದೆ. ಆ ಬಿಲ್ ರದ್ದಾಗಬೇಕು. ಬಾಡಿಗೆಗೆ ತಂದ ಡೀಸೆಲ್ ಕಂಪ್ರೆಸರ್‌ನ 28,000 ರೂಪಾಯಿಯನ್ನು ನೀವು ಭರಿಸಬೇಕು. ಮಾಲು ತಡವಾದದ್ದಕ್ಕೆ ನಮ್ಮ ಗ್ರಾಹಕರು ಕಡಿತ ಮಾಡುವ ಹಣವನ್ನು ಸದ್ಯಕ್ಕೆ ಕೇಳುತ್ತಿಲ್ಲ, ಬಿಟ್ಟೂ ಕೊಟ್ಟಿಲ್ಲ. ನಿಗಾ ಪೆಟ್ಟಿಗೆಯ ಮಿತಿಯನ್ನು 92ಕ್ಕೆ ಇಳಿಸಿ, ಸಂದೇಶ ನಮ್ಮ ಶಿಫ್ಟ್ ಮೇಲ್ವಿಚಾರಕರಿಗೂ ಬರುವಂತೆ ಮಾಡಿರಿ. ನಿಮ್ಮವರು ಬಿಚ್ಚಿ ಒಯ್ದ ಥರ್ಮಲ್ ವಾಲ್ವ್ ಮತ್ತು ಆಯಿಲ್ ಫಿಲ್ಟರ್ ನಮಗೆ ಮರಳಬೇಕು. ಕೆಟ್ಟ ಭಾಗ ನಮ್ಮ ಕಣ್ಣೆದುರು ಇರದೆ ಕೆಟ್ಟ ಕಾರಣ ಸಿಗುವುದಿಲ್ಲ. ಮೂಲ ಕಾರಣದ ವರದಿ ಲಿಖಿತವಾಗಿ ಬರಲಿ, ಅದರಲ್ಲಿ "ಕೋಣೆ ಬಿಸಿ" ಎಂದಿದ್ದರೆ ಕೋಣೆಯ ಅಳತೆಯೂ ಇರಲಿ.

ಮುಂದಿನ ವಾರ ಖಂಡೇನವಮಿ. ಆ ದಿನ ಈ ಯಂತ್ರಕ್ಕೂ ಹೂವು, ಕುಂಕುಮ ಏರಿಸುತ್ತೇವೆ. ನೀವೂ ಬಂದರೆ ಸಂತೋಷ. ಬರುವಾಗ ಮುಂದಿನ ಸರ್ವಿಸ್‌ಗೆ ನಮ್ಮ ಯಂತ್ರಕ್ಕೆಂದೇ ಬರೆದ, ಬೆಲ್ಟಿನ ಸಾಲಿಲ್ಲದ ಹೊಸ ಹಾಳೆಯನ್ನು ತನ್ನಿರಿ. ಅಕ್ಟೋಬರ್ 10ರೊಳಗೆ ಲಿಖಿತ ಉತ್ತರ ಬಾರದಿದ್ದರೆ ಉಳಿದ ಅವಧಿಯ ಹಣವನ್ನು ವಾಪಸು ಕೇಳಿ ಒಪ್ಪಂದವನ್ನು ಮುಗಿಸುತ್ತೇವೆ.

ತಮ್ಮ ವಿಶ್ವಾಸಿ,
ನಿರ್ವಹಣಾ ವಿಭಾಗದ ಮುಖ್ಯಸ್ಥ

ಲಗತ್ತು: ನಾಲ್ಕು ಸರ್ವಿಸ್ ಹಾಳೆಗಳು, ಎಣ್ಣೆ ಪರೀಕ್ಷೆಯ ವರದಿ, ಉಷ್ಣಾಂಶದ ದಾಖಲೆ, ಖಾಲಿ ಕ್ಯಾನ್‌ನ ಛಾಯಾಚಿತ್ರ. ಕ್ಯಾನ್ ನಮ್ಮಲ್ಲೇ ಇದೆ.